ತೊಂಬತ್ತು ಸೆಕೆಂಡಿನ ಯೋಚನೆ

ಲಿಂಗಂಪಲ್ಲಿಯಲ್ಲಿ ಲೋಕಲ್ ರೈಲು ಹತ್ತಿ ಕಿಟಕಿಯ ಪಕ್ಕ ಕೂತಾಗಿನಿಂದ ಪಾರ್ವತಿಬಾಯಿ ತನ್ನ ಪಾಠವನ್ನು ನಾಲ್ಕನೆಯ ಸಲ ಒಪ್ಪಿಸುತ್ತಿದ್ದಳು. "ಪಾರ್ವತಿಬಾಯಿ ಗಂಡ ಸಿದ್ರಾಮಪ್ಪ. ಅರವತ್ತೇಳು. ಕಲಬುರ್ಗಿ. ಬಲಗಣ್ಣು. ಸಕ್ರಿ ಇಲ್ಲ, ಬಿಪಿ ಐತಿ. ಫೋನ್ ನಂಬರ ನಿಂದ ಹೇಳ್ತೀನಿ. ಬರೋಬ್ಬರಿ ಐತಿಲ್ಲ?" "ಐತಿ ಅತ್ತಿ, ಸಾಕ್ ಬಿಡು," ಎಂದ ಚಂದ್ರಾಮ, ಎದುರು ಸೀಟಿನ ಟೈ ಕಟ್ಟಿದ ಹುಡುಗರು ಕೇಳಿಸಿಕೊಂಡು ನಕ್ಕಾರೆಂಬ ನಾಚಿಕೆಯಿಂದ. ಇಪ್ಪತ್ತೊಂಬತ್ತು ವರ್ಷದ ಈ ಗಂಡಸಿಗೆ ನಾಚಿಕೆಯಾಗದ ವಸ್ತುವೇ ಲೋಕದಲ್ಲಿರಲಿಲ್ಲ. ಡಬ್ಬಿಯೊಳಗಿನ ಜೋಳದ ರೊಟ್ಟಿಗೆ ನಾಚಿಕೆ, ತನ್ನ ಹೆಸರಿಗೆ ನಾಚಿಕೆ, ಆ ಹೆಸರನ್ನು ಮ್ಯಾನೇಜರು 'ಚಂದೂ' ಎಂದು ಮೊಟಕು ಮಾಡಿದಾಗ ತಾನು ಸುಮ್ಮನಿದ್ದುದಕ್ಕೆ ಇನ್ನೊಂದಿಷ್ಟು ನಾಚಿಕೆ. ಅತ್ತೆ ಅವನ ತಂದೆಯ ಅಕ್ಕ. ಕಲಬುರ್ಗಿಯ ಸ್ಟೇಷನ್ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿದವಳು. ಆರು ವರ್ಷ ಅವನು ಅಲ್ಲೇ ಉಂಡು, ಅಲ್ಲೇ ಅಟ್ಟದ ಮೇಲೆ ಮಲಗಿ, ಇಂಜಿನಿಯರ್ ಆದವನು. ಮಧ್ಯಾಹ್ನ ಒಂದಕ್ಕೆ ಕಾಲೇಜು ಬಿಟ್ಟರೆ ನಲವತ್ತು ತಾಟು ಒಮ್ಮೆಲೇ ಬೀಳುತ್ತಿದ್ದವು. ಯಾರಿಗೆ ಮೂರು ರೊಟ್ಟಿ, ಯಾರಿಗೆ ಐದು, ಯಾರಿಗೆ ಬದನೆಕಾಯಿ ಆಗದು, ಯಾರು ಸೋಮವಾರ ಉಪವಾಸ, ಎಲ್ಲ ಅವಳ ತಲೆಯಲ್ಲಿ. ಹುಡುಗ "ಅವ್ವಾ" ಎನ್ನುವಷ್ಟರಲ್ಲಿ ರೊಟ್ಟಿ ತಾಟಿನಲ್ಲಿ. ಹಸಿದು ಬಂದವನನ್ನು ಕಾಯಿಸುವುದೆಂದರೆ ಅವಳಿಗೆ ಬೈಗುಳಕ್ಕಿಂತ ಕೀಳು. ಅವಳ ಕಣ್ಣುಗಳಲ್ಲಿ ಎಡಗಡೆಯದು ಹೋಗಿ ಎರಡು ವರ್ಷವಾಗಿತ್ತು. ಬಲಗಡೆಯದನ್ನು ಉಳಿಸಬಲ್ಲ ಒಬ್ಬ ಡಾಕ್ಟರು ಇವತ್ತು, ಗುರುವಾರ, ಮಧ್ಯಾಹ್ನ ಒಂದು ಗಂಟೆಯೊಳಗೆ ಪಟ್ಟಿಗೆ ಹೆಸರು ಬಂದವರಿಗಷ್ಟೇ ನಾಳೆ ನಾಡಿದ್ದರಲ್ಲಿ ಆಪರೇಷನ್ನಿನ ದಿನ ಕೊಟ್ಟು, ಭಾನುವಾರ ವಿದೇಶಕ್ಕೆ ಹಾರುವವರಿದ್ದರು. ಮರಳಿ ಬರುವುದು ಮೂರು ತಿಂಗಳಿಗೆ. ಮೂರು ತಿಂಗಳು ಈ ಕಣ್ಣು ಕಾಯುತ್ತದೆಯೇ ಎಂದು ಹೋದ ಸಲ ಕೇಳಿದ್ದಕ್ಕೆ ಅವರು ಭುಜ ಹಾರಿಸಿದ್ದರು.

ಚಂದ್ರಾಮ ಮತ್ತೆ ಮತ್ತೆ ಫೋನು ತೆಗೆದು ಗಂಟೆ ನೋಡುತ್ತಿದ್ದ. ಕಾರಣ ಡಾಕ್ಟರಲ್ಲ. ಆ ಕಣ್ಣಿನಾಸ್ಪತ್ರೆಯಲ್ಲಿ, ಅದು ನಾಚಾರಂ ಕಡೆಯದು, ಹೆಸರು ಯಾಕೆ ಬಿಡಿ, ಇವತ್ತೇ ರೋಗಿಗಳ ಹೆಸರನ್ನು ಕಂಪ್ಯೂಟರಿನಲ್ಲಿ ಬರೆದುಕೊಳ್ಳುವ ಹೊಸ ವ್ಯವಸ್ಥೆ ಶುರುವಾಗುವುದಿತ್ತು. ಅದನ್ನು ಕಟ್ಟಿದ್ದು ಅವನ ಕಂಪನಿ, ಅದು ಗಟ್ಟಿ ಇದೆಯೆಂದು ಸಹಿ ಹಾಕಿದ್ದು ಅವನು. ಅವನ ಕೆಲಸವನ್ನು ಊರಿನಲ್ಲಿ ಯಾರಿಗೂ ತಿಳಿಸಿ ಹೇಳಲಾಗಿರಲಿಲ್ಲ. ಹೇಳುವುದಾದರೆ, ಇಲ್ಲದ ಜನರನ್ನು ಹುಟ್ಟಿಸುವುದು. ಆರು ಶಾಖೆಗಳ ಕೌಂಟರುಗಳಲ್ಲಿ ಮುನ್ನೂರು ಜನ ಒಮ್ಮೆಲೇ ಒತ್ತಿದರೆ ಯಂತ್ರ ತಡೆಯುತ್ತದೆಯೇ ಎಂದು ನೋಡಲು ಮುನ್ನೂರು ಸುಳ್ಳು ಮನುಷ್ಯರನ್ನು ತಯಾರಿಸಿ, ಅವರಿಗೆ ಹೆಸರಿಟ್ಟು, ಒಂದು ಗುಂಡಿ ಒತ್ತಿ ಯಂತ್ರದ ಮೇಲೆ ಬಿಡುವುದು. ಅವರು ತಮ್ಮಷ್ಟಕ್ಕೆ ತಾವೇ ಬಂದು ಹೆಸರು ಹೇಳಿ, ವಯಸ್ಸು ಹೇಳಿ, ಚೀಟಿ ತೆಗೆದುಕೊಂಡು ಹೋಗುತ್ತಾರೆ. ಉಗುಳುವುದಿಲ್ಲ, ಜಗಳವಾಡುವುದಿಲ್ಲ. ಹೆಸರು ಹೊಳೆಯದೆ ಅವನು ಖಾನಾವಳಿಯ ನಲವತ್ತು ಹುಡುಗರ ಹೆಸರುಗಳನ್ನೇ ತಿರುಗಾಮುರುಗಾ ಮಾಡಿ ಮುನ್ನೂರಾಗಿಸಿದ್ದ. ಹಾಳಾದ್ದು, ಎಂಬತ್ತೊಂಬತ್ತನೆಯವನು ಬರುವಷ್ಟರಲ್ಲಿ ಯಂತ್ರ ಕೈಚೆಲ್ಲಿ ಕೂರುತ್ತಿತ್ತು. ಒಂದಲ್ಲ, ಹನ್ನೊಂದು ಸಲ. ರಿಪೋರ್ಟು ಕೆಂಪು, ಅಂದರೆ ನಪಾಸು. "ಕೆಂಪು ಅಂದ್ರೆ ಏನ್ ಗುರು, ನಾನು ಕ್ಲೈಂಟ್ ಮುಂದೆ ಕೆಂಪು ಹಿಡ್ಕೊಂಡು ಹೋಗ್ಲಾ?" ಎಂದಿದ್ದ ಋಷಭ್, ಮ್ಯಾನೇಜರು, ಬೆಂಗಳೂರಿನವನು, ಚಂದ್ರಾಮನಿಗಿಂತ ಎರಡು ವರ್ಷ ಚಿಕ್ಕವನು. "ಐದು ಗಂಟೆಗೆ ನಂಗೆ ಹಸಿರು ಬೇಕು. ಹೆಂಗೆ ಅಂತ ನಂಗೆ ಹೇಳ್ಬೇಡ."

ಹೇಗೆ ಎಂದರೆ ಹೀಗೆ. ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೂ ಇನ್ನೊಂದಕ್ಕೂ ನಡುವೆ ಸುಳ್ಳು ಮನುಷ್ಯ ಎಷ್ಟು ಹೊತ್ತು ಸುಮ್ಮನಿರಬೇಕೆಂದು ಹೇಳುವ ಒಂದು ಅಂಕಿ ಇರುತ್ತದೆ. ಥಿಂಕ್ ಟೈಮ್ ಎನ್ನುತ್ತಾರೆ. ನಿಜವಾದ ಮನುಷ್ಯರು ಯೋಚಿಸುತ್ತಾರಲ್ಲ, ಅದಕ್ಕೆ. ಅಲ್ಲಿ ಎಂಟು ಸೆಕೆಂಡ್ ಇತ್ತು. ನಾಲ್ಕೂಮುಕ್ಕಾಲಕ್ಕೆ ಚಂದ್ರಾಮ ಎಂಟನ್ನು ಅಳಿಸಿ ತೊಂಬತ್ತು ಬರೆದ. ಮುನ್ನೂರು ಜನ ಸುಮ್ಮನೆ ನಿಂತು ಯೋಚಿಸತೊಡಗಿದರು, ಯಂತ್ರ ನಿರಾಳವಾಗಿ ಉಸಿರಾಡಿತು, ರಿಪೋರ್ಟು ಗದ್ದೆಯಷ್ಟು ಹಸಿರಾಯಿತು. ಅಷ್ಟಕ್ಕೇ ನಿಂತಿದ್ದರೆ ಪಾಪ ಸಣ್ಣದು. ಮೀಟಿಂಗಿನಲ್ಲಿ ಆಸ್ಪತ್ರೆಯ ಆಡಳಿತಾಧಿಕಾರಿ ಸತ್ಯಭಾಮಾ ಮೇಡಂ ಕನ್ನಡಕ ಏರಿಸಿ, ಇದೇನಿದು ಒಂದೂವರೆ ನಿಮಿಷ, ಜಾಸ್ತಿ ಅಲ್ಲವೇ ಎಂದು ಕೇಳಿಬಿಟ್ಟರು. ಎಲ್ಲರೂ ಇವನ ಕಡೆ ತಿರುಗಿದರು. ಎಂದೂ ಮೀಟಿಂಗಿನಲ್ಲಿ ಬಾಯಿ ಬಿಡದವನು ಎದ್ದು ನಿಂತು ಅತ್ತೆಯನ್ನು ತೆಗೆದು ಮೇಜಿನ ಮೇಲಿಟ್ಟ. ನಮ್ಮ ಅತ್ತೆಯನ್ನೇ ನೋಡಿ ಮೇಡಂ, ಹೆಸರೇನು ಅಂದರೆ ಊರಿನ ಕಥೆ ತೆಗೆಯುತ್ತಾಳೆ, ವಯಸ್ಸೆಷ್ಟು ಅಂದರೆ ಬೆರಳು ಎಣಿಸುತ್ತಾಳೆ, ಯಾವ ಕಣ್ಣು ಅಂದರೆ ಎರಡನ್ನೂ ಮುಟ್ಟಿ ನೋಡಿಕೊಳ್ಳುತ್ತಾಳೆ. ಹೇಳಿದ್ದಷ್ಟೇ ಅಲ್ಲ, ಕಣ್ಣು ಕಿರಿದು ಮಾಡಿ, ಬೆರಳು ಮಡಚಿ ಆಡಿಯೂ ತೋರಿಸಿದ. ಸತ್ಯಭಾಮಾ ಮೇಡಂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಋಷಭ್ ಮೇಜು ಕುಟ್ಟಿದ. ಆ ನಗುವಿನ ಬಿಸಿಯಲ್ಲಿ ಚಂದ್ರಾಮನಿಗೆ ಮೂರು ವರ್ಷದಲ್ಲಿ ಮೊದಲ ಸಲ ತಾನು ಈ ಕೋಣೆಯವನು ಅನ್ನಿಸಿತು, ಛೆ, ಎಷ್ಟು ಸುಖವಾಗಿತ್ತು ಅದು.

"ಯಾಕೋ ಮಾರಿ ಸಣ್ಣ ಮಾಡೀ?" ಅತ್ತೆ ಕೇಳಿದಳು. ಸಿಕಂದರಾಬಾದ್ ಬಂದಿತ್ತು. ಬಸ್ಸಿಗೆ ನಿಂತಾಗ ಅವನು ಅವಳಿಗೆ ಹೇಳಬೇಕೆಂದಿದ್ದ ಮಾತು ಹೇಳಿದ. ಒಳಗೆ ಹೋದ ಮೇಲೆ ನಾನು ಕಂಪನಿ ಕೆಲಸದ ಮೇಲಿರ್ತೀನಿ, ನನ್ನ ಕೂಗಬ್ಯಾಡ, ಗೊತ್ತಿಲ್ಲದವರಂಗ ಇರು, ಸಂಬಂಧಿಕರನ್ನ ಕರ್ಕೊಂಡ್ ಬಂದಾನ ಅಂದ್ರ ಚಲೋ ಕಾಣೂದಿಲ್ಲ. ಸುಳ್ಳು. ಸತ್ಯಭಾಮಾ ಮೇಡಂ ಇವಳನ್ನು ನೋಡಿ "ಓಹೋ, ಇವರೇನಾ ಆ ಅತ್ತೆ!" ಎಂದು ಬಿಟ್ಟರೆ ಎಂಬ ಭಯ. ಅತ್ತೆ ಒಂದು ಚಣವೂ ತಡೆಯಲಿಲ್ಲ. "ಖರೇನ ಐತಿ. ನಾನೂ ನಮ್ಮ ಮಂದೀನ ಪಾಳಿ ಮುರದು ಎಂದೂ ಕೂಡಿಸಿಲ್ಲ. ನೀ ನಿನ್ನ ಕೆಲಸ ನೋಡು," ಎಂದಳು. ಅವಳ ಒಳ್ಳೆಯತನ ಕಂಡು ಅವನಿಗೆ ಸಿಟ್ಟೇ ಬಂತು.

ಆಸ್ಪತ್ರೆಯಲ್ಲಿ ಹಬ್ಬ. ಕಂಪ್ಯೂಟರುಗಳಿಗೆ ಕುಂಕುಮ, ಪ್ರಿಂಟರಿಗೆ ಚೆಂಡುಹೂವಿನ ಹಾರ, ಸರ್ವರ್ ಕೋಣೆಯ ಹೊಸ್ತಿಲಲ್ಲಿ ಒಡೆದ ತೆಂಗಿನಕಾಯಿಯ ನೀರು ತಂತಿಗಳ ಕಡೆ ಹರಿದು, ಕಾವಲುಗಾರ ಓಡಿ ಬಂದು ತನ್ನ ಕರವಸ್ತ್ರದಿಂದ ಒರೆಸಿದ. ಹನ್ನೆರಡು ಕೌಂಟರು. ಬೆಳಗಿನ ಜಾವದಿಂದ ಕಾದ ಜನ ಬಾಗಿಲಾಚೆಗೂ ನಿಂತಿದ್ದರು. ನಾಚಾರಂ ಕಾರ್ಖಾನೆಗಳಲ್ಲಿ ಕಣ್ಣಿಗೆ ಕಿಡಿ ಹಾರಿಸಿಕೊಂಡವರು, ರಾಯಚೂರು ಯಾದಗಿರಿ ಕಡೆಯಿಂದ ಬಂದು ಇಲ್ಲಿ ಗೋಡೆ ಎತ್ತುತ್ತ ಸಿಮೆಂಟಿನ ಧೂಳಲ್ಲಿ ದೃಷ್ಟಿ ಮಂಜಾದವರು. ಅತ್ತೆಗೆ ಸಿಕ್ಕ ಟೋಕನ್ ಇನ್ನೂರ ಹತ್ತೊಂಬತ್ತು. ಚಂದ್ರಾಮ ಮನಸ್ಸಿನಲ್ಲೇ ಲೆಕ್ಕ ಹಾಕಿದ, ಹನ್ನೊಂದರೊಳಗೆ ಆಗಿಯೇ ಆಗುತ್ತದೆ. ಒಂಬತ್ತಕ್ಕೆ ಸತ್ಯಭಾಮಾ ಮೇಡಂ ರಿಬ್ಬನ್ ಕತ್ತರಿಸಿದರು. ಒಂಬತ್ತೂ ಇಪ್ಪತ್ತಕ್ಕೆ ಹನ್ನೆರಡು ಪರದೆಗಳೂ ಒಟ್ಟಿಗೆ ಬೆಳ್ಳಗಾದವು, ಅಲ್ಲಿಯ ತನಕ ಬರೆದುಕೊಂಡ ಹೆಸರುಗಳೂ ಅಳಿಸಿಹೋದವು. ಐದು ಬೇರೆ ಶಾಖೆಗಳಿಂದ ಐದು ಫೋನು. ಅವನು ಹುಟ್ಟಿಸಿದ ಖಾನಾವಳಿಯ ಹುಡುಗರಲ್ಲ ಇವರು, ಇರುವ ಜನ. ಹೆಸರು ಕೇಳಿದ ಕೂಡಲೇ ಹೆಸರು ಹೇಳುತ್ತಿದ್ದರು, ವಯಸ್ಸು ಕೇಳಿದ ಕೂಡಲೇ ವಯಸ್ಸು. ಯಾರೊಬ್ಬರೂ ಯೋಚಿಸುತ್ತಿರಲಿಲ್ಲ.

ಅವನ ಜೊತೆ ಬಂದಿದ್ದವಳು ಕುಮುದಾ, ಉಡುಪಿ ಕಡೆಯ ಹುಡುಗಿ, ಆ ವ್ಯವಸ್ಥೆಯನ್ನು ಬರೆದವರಲ್ಲಿ ಒಬ್ಬಳು, ಕಂಪನಿ ಸೇರಿ ನಾಲ್ಕು ತಿಂಗಳು. ಅವಳು ಅವನ ರಿಪೋರ್ಟಿನ ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟಳು. "ಇದೆಂಥದು ಮಾರಾಯ್ರೆ, ತೊಂಬತ್ತು? ಇದು ನೀವು ಬೇಕಂತಲೇ ಹಾಕಿದ್ದಲ್ವಾ?" ಅವನು ಉತ್ತರ ಕೊಡುವಷ್ಟರಲ್ಲಿ ಸತ್ಯಭಾಮಾ ಮೇಡಂಗೆ ಋಷಭ್‌ನ ಫೋನು. ಅವರು ಅದನ್ನು ಸರ್ವರ್ ಕೋಣೆಯ ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳಿಸುವಂತೆ ಮಾಡಿದರು. ಮುಗಿಯಿತು, ಇನ್ನು ಸತ್ಯ ಹೊರಬೀಳುತ್ತದೆ, ಎಂದುಕೊಂಡ ಚಂದ್ರಾಮನಿಗೆ ಒಂದು ಬಗೆಯ ಸಮಾಧಾನವೇ ಆಯಿತು. ಆದರೆ ಋಷಭ್ ಋಷಭ್ ಅಲ್ಲವೇ! ವ್ಯವಸ್ಥೆಯಲ್ಲಿ ದೋಷವಿಲ್ಲ ಮೇಡಂ, ಅದು ತೊಂಬತ್ತು ಸೆಕೆಂಡಿನ ಅಂತರಕ್ಕೆ ಪ್ರಮಾಣಪತ್ರ ಪಡೆದಿದೆ, ರಿಪೋರ್ಟು ನಿಮ್ಮ ಕೈಯಲ್ಲೇ ಇದೆ, ನಿಮ್ಮ ರೋಗಿಗಳು ನಿಯಮ ಮೀರಿ ವೇಗವಾಗಿ ಉತ್ತರಿಸುತ್ತಿದ್ದಾರೆ, ಎಂದ. ಸತ್ಯಭಾಮಾ ಮೇಡಂ ರಿಪೋರ್ಟನ್ನು ನೋಡಿದರು, ಗಾಜಿನಾಚೆಯ ಜನರನ್ನು ನೋಡಿದರು. ಹಸಿರು ಹಾಳೆಯ ಮುಂದೆ ಆ ಜನ ನಿಜಕ್ಕೂ ಅಶಿಸ್ತಿನವರಾಗಿ ಕಂಡಿರಬೇಕು. ಹಾಗಾದರೆ ಅವರನ್ನು ನಿಧಾನ ಮಾಡಿ, ಎಂದರು.

ಹತ್ತು ಗಂಟೆಯೊಳಗೆ ಕುಮುದಾ ಯಂತ್ರದೊಳಗೇ ಬೀಗ ಹಾಕಿ ಮುಗಿಸಿದ್ದಳು. ಆರು ಪ್ರಶ್ನೆ, ಪ್ರತಿ ಉತ್ತರದ ನಂತರ ತೊಂಬತ್ತರಿಂದ ಕೆಳಗಿಳಿಯುವ ಅಂಕಿ, ಸೊನ್ನೆ ಬರುವ ತನಕ ಮುಂದಿನ ಗುಂಡಿ ಒತ್ತಲಾಗದು. ಒಬ್ಬ ರೋಗಿಗೆ ಒಂಬತ್ತು ನಿಮಿಷ. "ಇಷ್ಟು ಬೇಗ ಬರೆದ ಕೋಡ್ ನನ್ನ ಜನ್ಮದಲ್ಲಿಲ್ಲ, ಒಂದೂ ತಪ್ಪಿಲ್ಲ ನೋಡಿ," ಎಂದು ಅಳುಮೋರೆಯಲ್ಲಿ ನಕ್ಕಳು. ಕೌಂಟರಿನ ಗಾಜುಗಳ ಮೇಲೆ ತೆಲುಗಿನಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಕಾಗದ ಅಂಟಿಸಿದರು. 'ದಯವಿಟ್ಟು ಪ್ರತಿ ಉತ್ತರದ ನಂತರ ಯೋಚಿಸಿ.' ಕಾವಲುಗಾರರು ಸಾಲಿನುದ್ದಕ್ಕೂ ಓಡಾಡಿ, ಮಾತಾಡಬೇಡಿ, ಯೋಚಿಸಿ, ಎಂದು ಕೂಗಿ ಹೇಳಿದರು. ಜನಕ್ಕೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಗುವ ಅಗತ್ಯವಿಲ್ಲವೆಂದು ಅರ್ಥವಾಯಿತು. ಮೌನಪ್ಪನೆಂಬ ಗೋಡೆ ಕಟ್ಟುವ ಗೌಂಡಿಯೊಬ್ಬ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನು, ಪಕ್ಕದವನನ್ನು ಕೇಳುತ್ತಿದ್ದ. "ಏನಂತ ಯೋಚನಿ ಮಾಡಬೇಕಂತರಿ? ಹೇಳಿದ್ರ ಮಾಡ್ತೀವಿ." ಚಂದ್ರಾಮ ಗೋಡೆಯ ಗಡಿಯಾರ ನೋಡಿದ. ಹನ್ನೆರಡು ಕೌಂಟರು, ಒಂಬತ್ತು ನಿಮಿಷ, ಇನ್ನೂರ ಹತ್ತೊಂಬತ್ತು. ಈ ಲೆಕ್ಕ ಅವನ ಕಸುಬು. ಹನ್ನೆರಡೂ ಐವತ್ತರ ಆಸುಪಾಸಿಗೆ ಅತ್ತೆಯ ಪಾಳಿ ಬರುತ್ತದೆ. ಬಂದ ಮೇಲೆ ಒಂಬತ್ತು ನಿಮಿಷ. ಒಂದು ಗಂಟೆಗೆ ಪಟ್ಟಿ ಬಂದ್.

"ಹೋಗಿ ಹೇಳಿ," ಎಂದಳು ಕುಮುದಾ. "ಯಂತ್ರಕ್ಕೆ ತಾಕತ್ತಿಲ್ಲ, ಇವತ್ತೊಂದು ದಿನ ಕಾಗದದಲ್ಲಿ ಬರ್ಕೊಳ್ಳಿ ಅಂತ. ಅಷ್ಟೇ. ಅರ್ಧ ಗಂಟೆಯಲ್ಲಿ ಇಷ್ಟೂ ಜನ ಒಳಗೆ ಹೋಗ್ತಾರೆ. ಸಹಿ ನಿಮ್ಮದು, ನೀವೇ ಹೇಳ್ಬೇಕು." ಹೌದು, ಅವನೇ ಹೇಳಬೇಕು. ಮೆಟ್ಟಿಲು ಹತ್ತುವಾಗ ಅವನು ಮಾತು ಜೋಡಿಸಿಕೊಂಡ: ಮೇಡಂ, ಆ ಅಂಕಿ ನಾನೇ ಬರೆದದ್ದು. ಸತ್ಯಭಾಮಾ ಮೇಡಂ ಅವನನ್ನು ಕೂಡಿಸಿ ಚಹಾ ತರಿಸಿದರು. ಇರಾನಿ ಹೋಟೆಲಿನ ಚಹಾ, ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ಮೂರು ವರ್ಷದಲ್ಲಿ ಯಾವ ಕ್ಲೈಂಟೂ ಅವನಿಗೆ ಚಹಾ ತರಿಸಿರಲಿಲ್ಲ. ಕೆಳಗೆ ಕಿವಿಗೊಟ್ಟು ಕೇಳಿ ಎಂದರು ಅವರು, ಹದಿನಾಲ್ಕು ವರ್ಷದಲ್ಲಿ ಈ ಹಾಲ್ ಇಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕೇಳಿಲ್ಲ, ದೇವಸ್ಥಾನದಂತಿದೆ. ಎಲ್ಲ ಶಾಖೆಗಳಿಗೂ ಇದನ್ನೇ ಖಾಯಂ ಮಾಡುತ್ತೇನೆ, ನಿಮ್ಮ ಹೆಸರನ್ನು ನಿಮ್ಮ ಕಂಪನಿಗೆ ಬರೆದಿದ್ದೇನೆ. "ಮೇಡಂ, ಆ ತೊಂಬತ್ತು..." ಎಂದ. "ತೊಂಬತ್ತೇ ಸರಿ," ಎಂದರು. ಬಿಸ್ಕತ್ತು ಚಹಾದಲ್ಲಿ ಮುರಿದು ತಳಕ್ಕೆ ಹೋಯಿತು. ಅದನ್ನು ಚಮಚದಿಂದ ತೆಗೆದು ತಿನ್ನುವುದೋ ಬಿಡುವುದೋ ಎಂಬ ಚಿಂತೆಯಲ್ಲೇ ಐದು ನಿಮಿಷ ಹೋಯಿತು, ಹೇಳಬೇಕಾದ ಮಾತೂ ಅಲ್ಲೇ ಕರಗಿತು. ಇಳಿದು ಬಂದಾಗ ಕುಮುದಾ ಕೇಳಿದಳು, "ಹೇಳಿದ್ರಾ?" "ಹೇಳ್ದೆ. ನೋಡ್ತಾರಂತ," ಎಂದ. ಅವಳು ನಂಬಿದಳು. ಅವನ ಸಹಿಯನ್ನೂ ಜನ ಹೀಗೆಯೇ ನಂಬಿದ್ದರು.

ಇನ್ನು ಫೋನಿನಲ್ಲಾದರೂ ಸತ್ಯ ಹೇಳೋಣವೆಂದು ಋಷಭ್‌ಗೆ ಮಾಡಿದ. "ಸರ್, ರಿಪೋರ್ಟ್ ಸುಳ್ಳು. ನಾನ ಮಾಡಿದ್ದು." ಆ ಕಡೆಯಿಂದ ಜೋರು ನಗು. "ಗೊತ್ತು ಗುರು! ಸಖತ್ ತಲೆ ನಿಂದು. ಅದನ್ನ ಈಗ ಕ್ಯೂ ಮ್ಯಾನೇಜ್‌ಮೆಂಟ್ ಅಂತ ಬೇರೆ ಕ್ಲೈಂಟ್‌ಗೂ ಮಾರ್ತಿದೀವಿ. ಸಂಜೆ ಬಾ, ಸ್ಟಾರ್ ಆಫ್ ದಿ ಮಂತ್ ನಿಂಗೇ, ಕೇಕ್ ಹೇಳಿದೀನಿ." ಫೋನು ಇಟ್ಟ. ತಪ್ಪೊಪ್ಪಿಕೊಳ್ಳುವುದಕ್ಕೂ ಒಬ್ಬ ಬೈಯುವವನು ಬೇಕು. ಅವನೇ ಸಿಗದಿದ್ದರೆ ಮನುಷ್ಯ ಏನು ಮಾಡಬೇಕೆಂದು ಚಂದ್ರಾಮನಿಗೆ ತಿಳಿಯಲಿಲ್ಲ.

ಹನ್ನೆರಡೂ ಐವತ್ತೆರಡಕ್ಕೆ ಏಳನೆಯ ಕೌಂಟರಿನ ಮೇಲೆ ಇನ್ನೂರ ಹತ್ತೊಂಬತ್ತು ಹೊಳೆಯಿತು. ಅವನು ಕಂಬದ ಮರೆಯಲ್ಲಿ ನಿಂತಿದ್ದ. ಅತ್ತೆ ಸೆರಗು ಸರಿಮಾಡಿಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ಕೌಂಟರಿನ ನಲಿನಿ ರಾಯಚೂರಿನವಳು, ಮುಖ ನೋಡಿಯೇ ಕನ್ನಡ ತೆಗೆದಳು. "ಹೆಸರ್ರಿ ಅಮ್ಮಾರ?" ಒಂದೇ ಉಸಿರಿಗೆ ಬಂತು: "ಪಾರ್ವತಿಬಾಯಿ ಗಂಡ ಸಿದ್ರಾಮಪ್ಪ, ಅರವತ್ತೇಳು, ಕಲಬುರ್ಗಿ, ಬಲಗಣ್ಣು, ಸಕ್ರಿ ಇಲ್ಲ ಬಿಪಿ ಐತಿ, ನಂಬರ ಬರಕೋರಿ, ತೊಂಬತ್ನಾಲ್ಕು ನಲವತ್ತು..." ನಲಿನಿ ಗಾಬರಿಯಾಗಿ ಕೈ ಅಡ್ಡ ಹಿಡಿದಳು. "ತಡೀರಿ ತಡೀರಿ. ಬರೇ ಹೆಸರ ಅಷ್ಟ ಈಗ. ಇನ್ನ ನೀವು ಯೋಚನಿ ಮಾಡಬೇಕಂತ್ರಿ." "ನನ್ನ ವಯಸ್ಸಿಗೆ ಯೋಚನಿ ಮಾಡೂದೇನೈತವ್ವಾ?" "ನನಗೂ ಗೊತ್ತಿಲ್ರಿ. ಮ್ಯಾಲಿಂದ ಹೇಳ್ಯಾರ." ಅತ್ತೆ ಬಾಯಿ ಮುಚ್ಚಿದಳು. ತೊಂಬತ್ತು, ಎಂಬತ್ತೊಂಬತ್ತು. ಒಲೆಯ ಮೇಲೆ ಹಂಚು ಕಾಯುತ್ತಿರುವಾಗಲೂ ಸುಮ್ಮನೆ ಕೂತವಳಲ್ಲ ಇವಳು, ಅಷ್ಟರಲ್ಲಿ ನಾಲ್ಕು ಉಳ್ಳಾಗಡ್ಡಿ ಹೆಚ್ಚಿ ಎಸೆಯುತ್ತಿದ್ದಳು. ಈಗ ಅವಳ ಎರಡೂ ಕೈ ತೊಡೆಯ ಮೇಲೆ ಮಲಗಿದ್ದವು. ಎರಡನೆಯ ಪ್ರಶ್ನೆಗೆ "ಅರವತ್ತೇಳು" ಎಂದಳು, ಮತ್ತೆ ತೊಂಬತ್ತು. ಗಡಿಯಾರ ಹನ್ನೆರಡೂ ಐವತ್ತೈದು.

ಹಿಂದಿನಿಂದ ಯಾರೋ ಅವನ ಭುಜ ತಟ್ಟಿದರು. ಸತ್ಯಭಾಮಾ ಮೇಡಂ, ಸುತ್ತು ಹಾಕಲು ಇಳಿದು ಬಂದಿದ್ದವರು. "ಅವತ್ತು ನೀವು ಮೀಟಿಂಗಿನಲ್ಲಿ ಹೇಳಿದ್ದು ಎಷ್ಟು ನಿಜ ನೋಡಿ," ಎಂದು ತೆಲುಗಿನಲ್ಲಿ ಹೇಳಿ ಏಳನೆಯ ಕೌಂಟರಿನ ಕಡೆ ಗಲ್ಲ ಎತ್ತಿದರು. "ಆ ಅಮ್ಮನನ್ನು ನೋಡಿ. ವಯಸ್ಸು ಹೇಳಿ ಎಷ್ಟು ಹೊತ್ತಾಯಿತು, ಇನ್ನೂ ಊರು ನೆನಪು ಮಾಡಿಕೊಳ್ಳುತ್ತಿದ್ದಾರೆ. ಡಿಟ್ಟೋ ನಿಮ್ಮ ಅತ್ತೆ!" ಇದೇ ಗಳಿಗೆ ಎಂದು ಅವನಿಗೆ ಗೊತ್ತಾಯಿತು. ಅವರು ನನ್ನ ಅತ್ತೆಯೇ ಮೇಡಂ, ಅವರಿಗೆ ಎಲ್ಲ ನೆನಪಿದೆ ಎನ್ನುವ ವಾಕ್ಯ ಪೂರ್ತಿಯಾಗಿ, ಒಂದಕ್ಷರ ಬಿಡದೆ ಅವನ ನಾಲಿಗೆಯ ಮೇಲೆ ಬಂದು ಕೂತಿತು. ಆದರೆ ಬಾಯಿ ತೆರೆದಾಗ ಹೊರಬಿದ್ದದ್ದು ನಗು. ಮೀಟಿಂಗಿನ ಅದೇ ನಗು, ಸ್ವಲ್ಪ ಜೋರಾಗಿಯೇ. ಆ ನಿಶ್ಶಬ್ದ ಹಾಲಿನಲ್ಲಿ ಅದು ಎಲ್ಲರಿಗೂ ಕೇಳಿಸಿತು. ಅತ್ತೆ ತಿರುಗಿದಳು. ನಲವತ್ತು ಹುಡುಗರ ನಡುವೆ ಇವನ ನಗುವನ್ನು ಗುರುತಿಸಿದವಳು. ಮಂಜಾದ ಬಲಗಣ್ಣು ಕಂಬದ ಕಡೆ ನೆಟ್ಟು, ಅಲ್ಲೇ ಒಂದಿಷ್ಟು ಹೊತ್ತು ನಿಂತಿತು. ಕೂಗಬೇಡ ಎಂದು ಹೇಳಿದ್ದನಲ್ಲ, ಅವಳು ಕೂಗಲಿಲ್ಲ.

ಆರನೆಯ ಪ್ರಶ್ನೆಯ ಸೊನ್ನೆ ಬಿದ್ದಾಗ ಒಂದು ಗಂಟೆ ಒಂದು ನಿಮಿಷ. ಇಂದಿನ ಪಟ್ಟಿ ಮುಗಿದಿದೆ ಎಂಬ ಅಕ್ಷರಗಳು ಪರದೆಯ ಮೇಲೆ ತಡವಿಲ್ಲದೆ ಬಂದವು. ಅದೊಂದಕ್ಕೆ ಯಂತ್ರ ಯೋಚಿಸಲಿಲ್ಲ. ಅವನು ಈಗ ಓಡಿದ. ಮೇಡಂ ಎಂದ, ಡಾಕ್ಟರೇ ಎಂದ, ನನ್ನ ಅತ್ತೆ ಎಂದ, ಕೊನೆಗೂ ಎಂದ, ಮೂರನೆಯ ಮಹಡಿಯ ಕಾರಿಡಾರಿನಲ್ಲಿ, ಮುಚ್ಚಿದ ಬಾಗಿಲ ಮುಂದೆ, ಮಾಪ್ ಹಿಡಿದ ಹೆಂಗಸೊಬ್ಬಳಿಗೆ. ಡಾಕ್ಟರು ಹಿಂದಿನ ಗೇಟಿನಿಂದ ಹೋಗಿಯಾಗಿತ್ತು. ಸೆಪ್ಟೆಂಬರ್ ಕಡೆಯ ವಾರ ಬನ್ನಿ ಎಂದು ಬರೆದ ಚೀಟಿ ಸಿಕ್ಕಿತು.

ಮರಳುವ ರೈಲಿನಲ್ಲಿ ಜನ ಕಡಿಮೆ. ಅತ್ತೆ ಚೀಟಿಯನ್ನು ಮಡಚಿ, ಇನ್ನೊಮ್ಮೆ ಮಡಚಿ ರವಿಕೆಯೊಳಗಿಟ್ಟಳು. ರೈಲು ಹೊರಟ ಮೇಲೆ ಕೇಳಿದಳು: "ತಮ್ಮಾ, ತಡಾ ನಂದ ಆತೇನೋ? ನಾ ಭಾಳ ನಿಧಾನ ಹೇಳಿದ್ನೇನು?" ಕೇಳುವಾಗ ಅವಳ ದನಿಯಲ್ಲಿ ಖಾನಾವಳಿಯ ಒಡತಿ ಇರಲಿಲ್ಲ. ಚಂದ್ರಾಮ ಕಿಟಕಿಯಾಚೆ ನೋಡಿದ. ಸತ್ಯ ಹೇಳಿದರೆ ಮೀಟಿಂಗಿನ ಕಥೆ ಹೇಳಬೇಕು, ಬೆರಳು ಮಡಚಿ ಆಡಿ ತೋರಿಸಿದ್ದನ್ನು ಹೇಳಬೇಕು, ನಗುವಿನ ಲೆಕ್ಕ ಕೊಡಬೇಕು. "ಹೂಂ ಅತ್ತಿ," ಎಂದ. "ಸ್ವಲ್ಪ ತಡಾ ಆತು." ಅವಳು ತಲೆ ಆಡಿಸಿದಳು. "ವಯಸ್ಸಾತಲ್ಲ," ಎಂದಳು, ಅವನನ್ನು ಸಮಾಧಾನ ಮಾಡುವವಳಂತೆ. ಕಿಸೆಯಲ್ಲಿ ಫೋನು ನಡುಗಿತು, ಋಷಭ್‌ನ ಮೆಸೇಜು, ಕೇಕ್ ಬಂದಿದೆ ಎಲ್ಲಿದ್ದೀಯಾ. ಅವನು ಫೋನು ಆರಿಸಿದ. ಬೆಳಿಗ್ಗೆಯಿಂದ ಅವಳು ಒಂದು ತುತ್ತೂ ತಿಂದಿಲ್ಲವೆಂಬುದು ಆಗ ನೆನಪಾಗಿ, ಡಬ್ಬಿ ಬಿಚ್ಚುತ್ತ ಕೇಳಿದ.

"ಅತ್ತಿ, ಹಸಿವ್ಯಾಗೇತೇನು? ರೊಟ್ಟಿ ಕೊಡ್ಲಿ?"

ಅತ್ತೆ ಅವನ ಕಡೆ ತಿರುಗಿದಳು. ಬಾಯಿ ತೆರೆದವಳು ಮುಚ್ಚಿಕೊಂಡಳು. ಎರಡೂ ಕೈ ತೊಡೆಯ ಮೇಲಿಟ್ಟು ನೆಟ್ಟಗೆ ಕೂತಳು. ತುಟಿಗಳು ಮಾತ್ರ ತೊಂಬತ್ತರಿಂದ ಕೆಳಗೆ ಎಣಿಸುವಂತೆ ಸದ್ದಿಲ್ಲದೆ ಅಲುಗುತ್ತಿದ್ದವು. ಬೇಗಂಪೇಟೆ ಬಂತು, ಯಾರೋ ಇಳಿದರು, ಯಾರೋ ಹತ್ತಿದರು, ರೈಲು ಮತ್ತೆ ಹೊರಟಿತು. ಬಿಚ್ಚಿದ ಡಬ್ಬಿ ಕೈಯಲ್ಲಿ ಹಿಡಿದು ಅವನು ಕಾದ. ಕೊನೆಗೆ ಅವಳು ಮೆಲ್ಲಗೆ, ಅವನ ಮುಖ ನೋಡುತ್ತ ಕೇಳಿದಳು.

"ಈಗ ಹೇಳ್ಲೇನು?"